ಕೆಲ್ಲೀಸ್ ಕ್ಯಾಸಲ್ ನೋಡಲು ಹೋದ ಇಬ್ಬರು

ಹಾಳಾದದ್ದು ಕೀರ್ತಿರಾಜನ ಕಣ್ಣಿಗೆ ಬೇಗ ಬೀಳುತ್ತಿತ್ತು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಸರಕಿನ ಸರ್ವೇಯರ್ ಆಗಿ ಇಪ್ಪತ್ತಾರು ವರ್ಷ ಅವನು ಮಾಡಿದ ಕೆಲಸವೇ ಅದು. ಹಡಗಿನಿಂದ ಇಳಿದ ಕಂಟೇನರಿನ ಒಳಗೆ ಹೋಗಿ, ಹೊರಗಿನವರಿಂದ ಬಾಗಿಲು ಹಾಕಿಸಿಕೊಂಡು, ಕತ್ತಲೆಯಲ್ಲಿ ನಿಂತು ತಗಡಿನಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಕಾಣುತ್ತದೆಯೇ ಎಂದು ಹುಡುಕುವುದು. ಕಂಡರೆ ತೂತಿದೆ ಎಂದರ್ಥ. ನೀರು ನುಗ್ಗಿದೆ, ಮಾಲು ಕೆಟ್ಟಿದೆ. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಊರಾದ ಕಾಪುವಿನಲ್ಲಿ ಅಕ್ಕ ತೋರಿಸಿದ ಹುಡುಗಿಯರಲ್ಲಿ ಒಬ್ಬಳ ನಗು ಜೋರಾಯಿತು, ಇನ್ನೊಬ್ಬಳ ಅಣ್ಣ ಬಡಾಯಿಕೋರ ಅನ್ನಿಸಿತು, ಮೂರನೆಯವಳೇ ಇವನನ್ನು ಬೇಡ ಅಂದಳು. ಐವತ್ತೊಂಬತ್ತಾದರೂ ಒಂಟಿ. ಕ್ಲಾಂಗಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಮೀನು ಹುರಿದುಕೊಂಡು, ಟಿವಿಯಲ್ಲಿ ಬಂದವರನ್ನೆಲ್ಲ ಹಳಿದುಕೊಂಡು ಇದ್ದ.

ಇಂಥವನನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯುವ ಮನೆ ಒಂದೇ ಇತ್ತು, ಸುಬಾಂಗ್ ಜಯಾದ ತ್ರಿವಿಕ್ರಮನ ಮನೆ. ಮೈಸೂರಿನವನಾದ ತ್ರಿವಿಕ್ರಮ ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಹದಿನೈದು ವರ್ಷದ ಹಿಂದೆ ಅವನ ಮನೆ ಸಾಮಾನು ಹಡಗಿನಲ್ಲಿ ಬಂದಾಗ ಬೀಟೆಯ ಊಟದ ಮೇಜು ಉದ್ದಕ್ಕೂ ಸೀಳಿತ್ತು. ಹಡಗಿನವರ ತಪ್ಪೆಂದು ಬರೆದುಕೊಡಿ ಎಂದು ಅವನು ಕೇಳಿದ್ದಕ್ಕೆ, ಹಸಿ ಮರದ ಮೇಜು ಮಾಡಿಸಿದವರದ್ದೇ ತಪ್ಪು ಎಂದು ಕೀರ್ತಿರಾಜ್ ಮುಖಕ್ಕೆ ಹೊಡೆದಂತೆ ಹೇಳಿದ್ದ. ತ್ರಿವಿಕ್ರಮ ನಕ್ಕು, ಇಲ್ಲಿಗೆ ಬಂದ ಮೇಲೆ ಯಾರಾದರೂ ನಿಜ ಹೇಳಿದ್ದು ಇದೇ ಮೊದಲು ಅಂದು ಊಟಕ್ಕೆ ಕರೆದಿದ್ದ. ಹಾಗೆ ಶುರುವಾದ ಸ್ನೇಹ ಅದು.

ತ್ರಿವಿಕ್ರಮನಿಗೆ ಒಂದು ಹುಚ್ಚಿತ್ತು. ಕಂಪನಿಯವರು ಒಮ್ಮೆ ಅವನನ್ನು ನಾಲ್ಕು ದಿನ ಎಡಿನ್‌ಬರೋಗೆ ಕಳಿಸಿದ್ದರು. ಎಂಟು ವರ್ಷ ಕಳೆದರೂ ಯಾವ ಮಾತೇ ಆಗಲಿ, ಎರಡು ನಿಮಿಷಕ್ಕೆ ಸ್ಕಾಟ್ಲೆಂಡಿನ ಕಲ್ಲು, ಅಲ್ಲಿನ ಬುರುಜು, ಅಲ್ಲಿನ ಮಂಜಿಗೆ ಬಂದು ನಿಲ್ಲುತ್ತಿತ್ತು. ನಿವೃತ್ತನಾದ ತಿಂಗಳೇ ಅವನು ಫೋನ್ ಮಾಡಿ, ಇಪೋ ಹತ್ತಿರ ಬಾತು ಗಾಜಾದಲ್ಲಿ ಒಂದು ಸ್ಕಾಟಿಷ್ ಕ್ಯಾಸಲ್ ಇದೆ, ಶನಿವಾರ ಹೋಗಿ ಸಂಜೆಗೆ ಬಂದುಬಿಡೋಣ ಅಂದ. ಮುರಿದ ಮನೆ ನೋಡಲು ಇಷ್ಟು ದೂರ ಹೋಗುವವರು ಮೂರ್ಖರು ಎಂದ ಕೀರ್ತಿರಾಜ್, ಶನಿವಾರ ಬೆಳಿಗ್ಗೆ ಆರೂವರೆಗೇ ಕೆಳಗೆ ಬಂದು ನಿಂತಿದ್ದ.

ದಾರಿಯಲ್ಲಿ ತಮಿಳು ಮುಸ್ಲಿಮರ ಒಂದು ಮಾಮಕ್ ಹೋಟೆಲಿನಲ್ಲಿ ಪರೋಟದಂಥ ರೊಟ್ಟಿ ಚಾನಾಯ್ ತಿಂದರು. ತ್ರಿವಿಕ್ರಮ ಕ್ಯಾಸಲ್ ಕಟ್ಟಿಸಿದ ತೋಟದ ದೊರೆಯ ಕತೆ ಹೇಳುತ್ತಲೇ ಇದ್ದ. ನೂರು ವರ್ಷಕ್ಕೂ ಹಿಂದೆ ಸ್ಕಾಟ್ಲೆಂಡಿನಿಂದ ಬಂದು ರಬ್ಬರಿನಲ್ಲಿ ಸಾಹುಕಾರನಾದವನು. ಹೆಂಡತಿಗಾಗಿ ಅರಮನೆ ಕಟ್ಟಿಸಲು ಹೊರಟವನು. ಅದು ಮುಗಿಯುವ ಮೊದಲೇ ದೂರದ ಲಿಸ್ಬನ್‌ನಲ್ಲಿ ಸತ್ತವನು. ಇವನು ಅದನ್ನೆಲ್ಲ ತನ್ನ ತಾತನ ಕತೆಯ ಹಾಗೆ ಹೇಳುತ್ತಿರುವುದನ್ನು ಕಂಡು ಕೀರ್ತಿರಾಜ್ ಕಿಟಕಿಯಾಚೆ ನೋಡುತ್ತ ಕೂತ. ಹಿಂದಿನ ಸೀಟಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಂದಿತ್ತು. ಏನದು ಎಂದು ಅವನು ಕೇಳಲಿಲ್ಲ.

ಕ್ಯಾಸಲ್ಲಿಗೆ ಬಂದಾಗ ಬಿಸಿಲು ಏರಿತ್ತು. ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ದೊಡ್ಡ ಮನೆ, ಒಂದು ಪಕ್ಕಕ್ಕೆ ಚೌಕ ಬುರುಜು, ಸಾಲಾಗಿ ಕಮಾನುಗಳು. ಮೆಟ್ಟಿಲ ಮೇಲೆ ಒಬ್ಬ ಮದುಮಗಳು ಬಿಳಿ ಗೌನು ಎತ್ತಿಹಿಡಿದು ಫೋಟೋಗೆ ನಿಂತಿದ್ದಳು, ಮದುಮಗ ಬೆವರೊರೆಸಿಕೊಳ್ಳುತ್ತಿದ್ದ. ಅರ್ಧಕ್ಕೆ ನಿಂತ ಮನೆಯ ಮುಂದೆ ಮದುವೆಯ ಫೋಟೋ ತೆಗೆಸಿಕೊಳ್ಳುವವರ ಬುದ್ಧಿ ಎಂಥದ್ದೆಂದು ಕೀರ್ತಿರಾಜ್ ಗೊಣಗಿದ. ಇಟ್ಟಿಗೆ ಇಂಡಿಯಾದಿಂದ ತರಿಸಿದ್ದು, ಗಾರೆಯವರು ಮದ್ರಾಸಿನಿಂದ ಬಂದವರು ಎಂದು ಒಳಗಿನ ಫಲಕ ಹೇಳುತ್ತಿತ್ತು.

"ಮತ್ತೆ ಇದರಲ್ಲಿ ಸ್ಕಾಟ್ಲೆಂಡಿನದ್ದು ಎಂತ ಉಂಟು ಮಾರಾಯ್ರೇ?" ಎಂದ ಕೀರ್ತಿರಾಜ್. "ಇಟ್ಟಿಗೆ ನಮ್ಮದು, ಜನ ನಮ್ಮದು. ಜಂಬ ಮಾತ್ರ ಅವನದ್ದು."

ತ್ರಿವಿಕ್ರಮ ಕೋಣೆಯಿಂದ ಕೋಣೆಗೆ ಅಂಗೈಯಲ್ಲಿ ಗೋಡೆ ಸವರುತ್ತ ನಡೆದ. ಅವನ ಹಿಂದೆ ಕೀರ್ತಿರಾಜ್ ಪಾಚಿ ಹಿಡಿದ ಮೂಲೆ, ಉದುರಿದ ಗಾರೆ, ಉಪ್ಪು ಕಕ್ಕಿದ ಇಟ್ಟಿಗೆಗಳನ್ನು ತೋರಿಸುತ್ತ ನಡೆದ. ಲಿಫ್ಟಿಗೆಂದು ಬುಡದಿಂದ ತುದಿಯವರೆಗೆ ಬಿಟ್ಟ ಬಾವಿಯಂಥ ಜಾಗದ ಮುಂದೆ ತ್ರಿವಿಕ್ರಮ ಕೈಮುಗಿಯುವುದೊಂದು ಬಾಕಿ. ಆ ಕಾಲದಲ್ಲೇ ಲಿಫ್ಟಿನ ಯೋಚನೆ ಮಾಡಿದ್ದನಲ್ಲ ಎಂದು ಅವನು ಮೂರು ಸಲ ಹೇಳಿದ. ಲಿಫ್ಟಂತೂ ಬರಲಿಲ್ಲವಲ್ಲ ಎಂದು ಕೀರ್ತಿರಾಜ್ ಮೂರು ಸಲವೂ ಉತ್ತರ ಕೊಟ್ಟ. ದೆವ್ವ ಇದೆಯೆಂದು ಒಬ್ಬ ಗೈಡ್ ಯಾರಿಗೋ ಹೇಳುತ್ತಿದ್ದುದನ್ನು ಕೇಳಿ, ಬದುಕಿದವರೇ ಒಂದು ದಿನ ಇರದ ಮನೆಯಲ್ಲಿ ದೆವ್ವಕ್ಕೇನು ಕೆಲಸ ಅಂದ.

ಮಹಡಿಯ ಮೇಲೆ ಬಯಲು. ಕೆಳಗೆ ಸಣ್ಣ ಹೊಳೆ, ಆಚೆಗೆ ಎಣ್ಣೆತಾಳೆಯ ತೋಟ. ತ್ರಿವಿಕ್ರಮ ಅಲ್ಲಿ ಕಟ್ಟೆಯ ಮೇಲೆ ಕೂತು, ಕಾರಿನಿಂದ ಹೊತ್ತುಕೊಂಡೇ ಬಂದಿದ್ದ ಕೊಳವೆ ತೆರೆದು ನಕ್ಷೆಯೊಂದನ್ನು ಹರಡಿದ. ಗಾಳಿಗೆ ಹಾರದಂತೆ ಎರಡು ಮೂಲೆಗೆ ಕೀರ್ತಿರಾಜನ ಕೈಯನ್ನೇ ಇಡಿಸಿದ. ಮೈಸೂರಿನಾಚೆ ಅವನು ಕಟ್ಟಿಸಲಿದ್ದ ಮನೆ. ಒಂಬತ್ತು ಕೋಣೆ, ಕಮಾನಿನ ಜಗಲಿ, ಒಂದು ಮೂಲೆಯಲ್ಲಿ ಬುರುಜು.

ಕೀರ್ತಿರಾಜ್ ಎರಡು ನಿಮಿಷ ನೋಡಿದ. ಆಮೇಲೆ ಶುರುಮಾಡಿದ. ಬುರುಜಿನ ಮೇಲೆ ನಿಂತು ಯಾರನ್ನು ಕಾಯುವುದು, ಹೈದರಾಲಿಯ ಸೈನ್ಯವನ್ನೋ? ಒಂಬತ್ತು ಕೋಣೆಗೆ ಪೊರಕೆ ಹಿಡಿಯುವವರು ಯಾರು? ಮಗಳು ಅಮೂಲ್ಯಾ ಇಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವಳು ಬರುತ್ತಾಳೆಯೇ? ಹೆಂಡತಿ ಚಾಮುಂಡಿಗೆ ಮಂಡಿನೋವು, ಅವರು ಹತ್ತುತ್ತಾರೆಯೇ? ಸತ್ತ ಬಿಳಿಯ ಮಾಡಿದ ತಪ್ಪನ್ನು ಬದುಕಿದ ಕರಿಯ ಮಾಡಲು ಹೊರಟಿದ್ದಾನೆ, ವ್ಯತ್ಯಾಸ ಅಷ್ಟೇ ಎಂದ.

ತ್ರಿವಿಕ್ರಮ ಎಲ್ಲವನ್ನೂ ಕೇಳಿದ. ಅವನ ಮುಖ ಸಣ್ಣಗಾದರೂ ನಕ್ಷೆಯನ್ನು ಮಡಚಲಿಲ್ಲ. ನೆಲಮಹಡಿಯ ಒಂದು ಚೌಕದ ಮೇಲೆ ಬೆರಳಿಟ್ಟ. ಅಡುಗೆಮನೆಯ ಪಕ್ಕ, ಹಿತ್ತಲಿಗೊಂದು ಬಾಗಿಲು. ಒಳಗೆ ಪೆನ್ಸಿಲಿನಲ್ಲಿ ಕೀರ್ತಿ ಎಂದು ಬರೆದಿತ್ತು.

"ಇದು ನಿಮ್ದು ಕಣ್ರೀ," ಎಂದ. "ಚಾಮುಂಡಿನೇ ಹೇಳಿದ್ದು. ರಿಟೈರ್ ಆದ್ಮೇಲೆ ಆ ಫ್ಲಾಟಲ್ಲಿ ಒಬ್ಬರೇ ಏನ್ಮಾಡ್ತೀರಾ? ಮೀನು ಮಾಡ್ಕೊಳ್ಳೋಕೆ ಹಿತ್ತಲಲ್ಲಿ ಸಪರೇಟ್ ಒಲೆ ಹಾಕ್ಸಿದೀನಿ ನೋಡಿ."

ಕೀರ್ತಿರಾಜನ ಎರಡೂ ಕೈ ನಕ್ಷೆಯ ಮೇಲೇ ಇದ್ದವು. ಪೆನ್ಸಿಲಿನ ಆ ಹೆಸರನ್ನು ಇನ್ನೊಮ್ಮೆ ಓದಿದ. ಅಷ್ಟು ವರ್ಷ ಅಭ್ಯಾಸವಾದ ದಾರಿಯನ್ನೇ ನಾಲಿಗೆ ಹಿಡಿಯಿತು.

"ಅಡುಗೆಮನೆ ಪಕ್ಕ, ಹಿಂದಿನ ಬಾಗಿಲು," ಎಂದ. "ಇದು ಆಳಿನ ಕೋಣೆ ಅಲ್ವಾ ರಾಯರೇ? ಕಾವಲಿಗೆ ಜನ ಬೇಕಾದರೆ ಸಂಬಳ ಕೊಟ್ಟು ಇಟ್ಟುಕೊಳ್ಳಿ."

ತ್ರಿವಿಕ್ರಮ ಅವನನ್ನೇ ನೋಡಿದ. ಆಮೇಲೆ ನಕ್ಷೆಯನ್ನು ಅವನ ಕೈಯಡಿಯಿಂದ ಮೆಲ್ಲಗೆ ಎಳೆದುಕೊಂಡು ಸುತ್ತಿದ. "ನಿಮ್ಗೆ ಯಾರಾದ್ರೂ ಒಳ್ಳೇದು ಮಾಡಿದ್ರೆ ಅದೂ ಅವಮಾನ," ಎಂದ. "ಹದಿನೈದು ವರ್ಷ ನಾನು ಇದನ್ನ ತಮಾಷೆ ಅಂದ್ಕೊಂಡಿದ್ದೆ."

ಕೆಳಗಿಳಿದರು. ಹತ್ತಿರದ ದೇವಸ್ಥಾನ ನೋಡುವುದೆಂದು ಮೊದಲೇ ಮಾತಾಗಿದ್ದರಿಂದ ಅಲ್ಲಿಗೂ ಹೋದರು. ಕಾಯಿಲೆ ಬಂದು ಕೂಲಿಗಳು ಸಾಯತೊಡಗಿದಾಗ ಅವರ ಬೇಡಿಕೆಗೆ ಒಪ್ಪಿ ದೊರೆ ಕಟ್ಟಿಸಿದ್ದಂತೆ. ಮೇಲೆ ದೇವರ ಗೊಂಬೆಗಳ ಸಾಲಿನಲ್ಲಿ ದೊರೆಯದೇ ಎನ್ನುವ ಒಂದು ಗೊಂಬೆಯೂ ನಿಂತಿತ್ತು. ಬೇರೆ ದಿನವಾಗಿದ್ದರೆ ಕೀರ್ತಿರಾಜನಿಗೆ ಅದೊಂದೇ ಸಾಕಿತ್ತು, ಕ್ಲಾಂಗ್ ತಲುಪುವವರೆಗೆ ಆಡಿಕೊಳ್ಳುತ್ತಿದ್ದ. ತ್ರಿವಿಕ್ರಮ ಕೈಮುಗಿದು ವಿಭೂತಿ ಹಚ್ಚಿಕೊಂಡ. ಕೀರ್ತಿರಾಜ್ ಹೊರಗೇ ನಿಂತ. ಮೂರು ಗಂಟೆಯ ವಾಪಸ್ ದಾರಿಯಲ್ಲಿ ತ್ರಿವಿಕ್ರಮ ಎಸಿ ಹೆಚ್ಚಾಯಿತೇ ಎಂದು ಕೇಳಿದ್ದು ಬಿಟ್ಟರೆ ಬೇರೇನೂ ಆಡಲಿಲ್ಲ. ಇಲ್ಲ ಎಂದ ಕೀರ್ತಿರಾಜ್.

ಚಾಮುಂಡಿ ಎರಡು ಸಲ ಊಟಕ್ಕೆ ಕರೆದಳು. ಒಮ್ಮೆ ಹಡಗು ಬರುವುದಿದೆ ಅಂದ, ಇನ್ನೊಮ್ಮೆ ಜ್ವರ ಅಂದ. ಮೂರನೆಯ ಕರೆ ಬರಲಿಲ್ಲ. ಬರದಿದ್ದುದಕ್ಕೆ, ಅವರಿಗೂ ಬೇಕಿದ್ದದ್ದು ಅಷ್ಟೇ ಎಂದು ಒಂದಿಬ್ಬರ ಬಳಿ ಹೇಳಿಕೊಂಡ. ಮುಂದಿನ ವರ್ಷ ಆ ಗಂಡ ಹೆಂಡತಿ ಮೈಸೂರಿಗೆ ಹೊರಟುಹೋದರು. ಬೀಳ್ಕೊಡುವ ಕೂಟಕ್ಕೆ ಅವನು ಹೋಗಲಿಲ್ಲ.

ಕಳೆದ ದೀಪಾವಳಿಗೆ ಸುಬಾಂಗ್ ಜಯಾದಲ್ಲಿ ಕನ್ನಡ ಸಂಘದ ಊಟ. ಸಂಘದ ವೈಭವ್ ರಜೆಗೆ ಊರಿಗೆ ಹೋಗಿ ಬಂದಿದ್ದ. ತ್ರಿವಿಕ್ರಮನ ಮನೆಯಲ್ಲಿ ಎರಡು ದಿನ ಉಳಿದಿದ್ದನಂತೆ. ಫೋನಿನಲ್ಲಿ ಫೋಟೋ ತೋರಿಸಿದ. ಬುರುಜು ಕಟ್ಟಿಸಿಯೇಬಿಟ್ಟಿದ್ದರು, ಗುಲಾಬಿ ಬಣ್ಣ ಬೇರೆ. ಕೀರ್ತಿರಾಜ್ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡಿದ. ನೀರಿನ ಟ್ಯಾಂಕಿಗೆ ಕಿರೀಟ ಇಟ್ಟ ಹಾಗಿದೆ ಎಂದಾಗ ಪಕ್ಕದಲ್ಲಿದ್ದವರು ನಕ್ಕರು. ಒಂದು ಫೋಟೋದಲ್ಲಿ ಹಿತ್ತಲ ಬಾಗಿಲಿನ ಬಳಿ ಬನಿಯನ್ ತೊಟ್ಟ ಮುದುಕನೊಬ್ಬ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ತ್ರಿವಿಕ್ರಮ್ ಅಂಕಲ್ಲಿನ ಕಾಲೇಜು ಗೆಳೆಯರಂತೆ, ಅವರ ಹೆಂಡತಿ ತೀರಿಕೊಂಡ ಮೇಲೆ ಕೆಳಗಿನ ಕೋಣೆಯಲ್ಲಿ ಅಲ್ಲೇ ಇರುತ್ತಾರಂತೆ ಎಂದ ವೈಭವ್.

"ಅವರಿಗೂ ಬೇರೆ ಗತಿ ಇರ್ಲಿಲ್ವೋ ಏನೋ," ಎಂದು ಕೀರ್ತಿರಾಜ್ ಫೋನು ಹಿಂದಿರುಗಿಸಿದ.

ಊಟಕ್ಕೆ ಕೂರಲಿಲ್ಲ. ಇಂಥ ಗದ್ದಲದಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕ್ಲಾಂಗಿನ ರೈಲು ಹಿಡಿಯಲು ಸ್ಟೇಷನ್ನಿನ ಕಡೆಗೆ ನಡೆದ.