ಹಾಡಿನ ಜೊತೆ ಬಂದದ್ದು

ಓದದೆ ಒಪ್ಪಿಕೊಳ್ಳುವುದರಲ್ಲಿ ನಾನು ಬಹಳ ಚುರುಕು. ಹಿರಿಯೂರಿನಲ್ಲಿ ನನ್ನದು ಲಗ್ನಪತ್ರಿಕೆಗಳ ಡಿಟಿಪಿ ಅಂಗಡಿ ಎಂದರೆ ನೀವು ನಂಬಲಾರಿರಿ. ಮನೆಯವರು ಕರಡು ಓದಿ, ಸೋದರಮಾವನ ಹೆಸರು ಬಿಟ್ಟುಹೋಗಿಲ್ಲವೆಂದು ಖಾತ್ರಿ ಮಾಡಿಕೊಂಡು ಸಹಿ ಹಾಕುವವರೆಗೆ ನಾನು ಯಾವುದನ್ನೂ ಅಚ್ಚಿಗೆ ಕಳಿಸುವುದಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ಅಂಗಡಿಗೆ ಇಂಟರ್ನೆಟ್ ಹೊಸದು. ಹಾಡು ಕೇಳಲು ಎಲ್ಲರೂ ಇಳಿಸಿಕೊಳ್ಳುತ್ತಿದ್ದ ಒಂದು ಉಚಿತ ತಂತ್ರಾಂಶವನ್ನು ನಾನೂ ಇಳಿಸಿಕೊಂಡೆ. ಪರದೆ ಏನೇನೋ ಕೇಳಿತು. ‘ನೆಕ್ಸ್ಟ್’ ಒತ್ತಿದೆ, ಮತ್ತೆ ಒತ್ತಿದೆ. ಹಾಡು ಬಂತು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಚಿತ್ರದುರ್ಗದಿಂದ ಸಬ್‌ಇನ್ಸ್‌ಪೆಕ್ಟರ್ ಬಂದರು. ದೂರದೂರಿನ ಹೆಂಗಸೊಬ್ಬರಿಗೆ ಕೊಲೆ ಬೆದರಿಕೆಯ ಮೇಲ್ ಹೋಗಿತ್ತು. ಹೊರಟದ್ದು ನನ್ನ ಅಂಗಡಿಯ ಇಂಟರ್ನೆಟ್ ಸಂಪರ್ಕದಿಂದ. ‘ನಾನಲ್ಲ’ ಎನ್ನಬೇಕಾಗಿದ್ದವನು ಗಿರಾಕಿಗಳಿಗೆ ಹೇಳುವ ಹಾಗೆ ‘ನಾಳೆ ಬರ್ರಿ, ಕರಡು ರೆಡಿ ಇರ್ತೈತೆ’ ಎಂದುಬಿಟ್ಟೆ.

‘ಗಾಬರಿ ಆಗಬ್ಯಾಡ್ರಿ. ಕುಂತ್ಕಳ್ರಿ, ನೀರು ಕುಡೀರಿ,’ ಎಂದು ನನ್ನ ಅಂಗಡಿಯಲ್ಲಿ ನನಗೇ ಕುರ್ಚಿ ಎಳೆದುಕೊಟ್ಟರು. ನನ್ನನ್ನು ಜೀಪು ಹತ್ತಿಸಬಹುದಿತ್ತು. ಅದರ ಬದಲು, ‘ಈ ಮಿಷಿನ್ನು ಬಲ್ಲೋರು ಯಾರಾದ್ರೂ ಅದಾರಾ?’ ಎಂದು ಕೇಳಿದರು.

ಕಂಪ್ಯೂಟರ್ ರಿಪೇರಿ ಮಾಡುವ ತಿಪ್ಪೇಸ್ವಾಮಿ ಬಂದ. ಒಂದು ಗಂಟೆ ಹುಡುಕಿದ. ಹಾಡಿನ ತಂತ್ರಾಂಶದ ಜೊತೆಗೆ, ಅದೇ ದಿನ, ಇನ್ನೊಂದು ಒಳಗೆ ಬಂದಿತ್ತು. ಅದು ಜನರ ಗುರುತು ಮರೆಮಾಡುವಂಥದ್ದು. ಯಾರ್ಯಾರದೋ ಸಂದೇಶಗಳನ್ನು ನನ್ನ ಯಂತ್ರದ ಮೂಲಕ ದಾಟಿಸುತ್ತಿತ್ತು. ಹೊರಗಿನವರಿಗೆ ಕಾಣುವುದು ನನ್ನ ವಿಳಾಸವೊಂದೇ.

‘ಒಪ್ಪಿಗೆ ಅಂತ ಟಿಕ್ ಮೊದ್ಲೇ ಹಾಕಿಟ್ಟಿರ್ತಾರೆ ಸಾರ್. ಬ್ಯಾಡ ಅನ್ನೋರೇ ತೆಗೀಬೇಕು,’ ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದ. ‘ಅಣ್ಣಾ, ಲಗ್ನಪತ್ರಿಕೆಗೆ ಮೂರ್ಮೂರು ಸಹಿ ಹಾಕಿಸ್ಕಂತೀಯ. ಇದನ್ನ ಒಂದ್ಸಲ ಓದಾಕೆ ಏನಾಗಿತ್ತಪ್ಪ ನಿಂಗೆ?’

ಸಬ್‌ಇನ್ಸ್‌ಪೆಕ್ಟರ್ ನಕ್ಕರು. ಆಗಲೇ ನಾನು ನೀರು ಕುಡಿದದ್ದು.

ಗುರುತು ಮುಚ್ಚಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ನಮ್ಮೂರು ಹರಿಯಬ್ಬೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ದಾರಿಹೋಕರು ಬಿಸಿಲಿಗೆ ಕೂರುತ್ತಿದ್ದರು. ‘ಯವ್ವಾ, ವಸಿ ಕುಂತ್ಕಳ್ಳಾ?’ ಎಂದು ಕೇಳುತ್ತಿದ್ದರು. ಅಜ್ಜಿ ಯಾರ ಹೆಸರನ್ನೂ ವಿಚಾರಿಸದೆ ನೀರು ಕೊಡುತ್ತಿದ್ದಳು. ಹೆಸರು ಹೇಳದಿದ್ದರೆ ನಡೆಯುತ್ತಿತ್ತು. ಕೇಳದೆ ಕೂತರೆ ನಡೆಯುತ್ತಿರಲಿಲ್ಲ. ನನ್ನ ಯಂತ್ರವನ್ನು ಹಾದುಹೋದವರಲ್ಲಿ ಆ ಬೆದರಿಕೆಯವನ ಜೊತೆಗೆ, ಹೆಸರು ಹೇಳಿದರೆ ಬದುಕಲಾರದ ಯಾರಾದರೂ ಪಾಪದವರೂ ಇದ್ದಿರಬಹುದು. ತಂತ್ರಾಂಶ ಮಾಡಿದವರು ತಿಳಿಯುವ ಹಾಗೆ ಕೇಳಿದ್ದರೆ, ಅಂಥ ಪಾಪದವರಿಗಾಗಿ ಹೂಂ ಅನ್ನುತ್ತಿದ್ದೆನೋ ಏನೋ.

ಬೇಕಾದ್ದನ್ನೆಲ್ಲ ನಕಲು ಮಾಡಿಸಿಕೊಂಡು, ‘ನಿಮ್ದೇನೂ ತಪ್ಪಿಲ್ಲ ಅಂತ ಬರೀತೀನಿ. ಇನ್ನು ಅದನ್ನ ತೆಗೀರಿ,’ ಎಂದರು ಸಬ್‌ಇನ್ಸ್‌ಪೆಕ್ಟರ್. ತಿಪ್ಪೇಸ್ವಾಮಿ ತೆಗೆಯಲು ಹೋದಾಗ ಪರದೆಯ ನಡುವೆ ಒಂದು ಪ್ರಶ್ನೆ ಮೂಡಿತು: ಇದನ್ನು ತೆಗೆದುಹಾಕಲು ನಿಮಗೆ ಖಂಡಿತ ಒಪ್ಪಿಗೆಯೇ? ಬರುವಾಗ ಇಲ್ಲದ ಮರ್ಯಾದೆ ಹೋಗುವಾಗ ಬಂದಿತ್ತು.

ನನ್ನ ಇಂಗ್ಲಿಷ್ ನಿಧಾನ. ಎರಡು ಸಲ ಓದಿದೆ. ಅವರಿಬ್ಬರೂ ಅವಸರ ಮಾಡದೆ ಪಕ್ಕದಲ್ಲಿ ನಿಂತು ಕಾದರು.