ಕೈ ಕೆಳಗೆ ಬಳಗ

ಪಂಚರ್ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರನ್ನು ಬೀದಿಯವರು ಎಂದೋ ಮರೆತಿದ್ದರು. ಎಲ್ಲರ ಬಾಯಲ್ಲೂ ಅವನು ಗುದ್ದಣ್ಣ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಟಯರ್ ಬಿಚ್ಚುವ ಕೈ ಒಮ್ಮೊಮ್ಮೆ ಗಿರಾಕಿಯ ಹಲ್ಲನ್ನೂ ಬಿಚ್ಚುತ್ತಿತ್ತು. ಒಂದು ದಿನ ಊಟ ತಡವಾಯಿತೆಂದು ಹೆಂಡತಿಯ ಮಣಿಕಟ್ಟು ತಿರುಚಿದ. ಲಟಕ್ಕೆಂದಿತು. ಅವಳು ಕೂಗಲಿಲ್ಲ. ಪುಟ್ಟ ಮಗಳು ಮಂಚದ ಕೆಳಗೆ ತೂರಿಕೊಂಡು, ಹೆದರಿ ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಗುದ್ದಣ್ಣನಿಗೆ ತನ್ನ ಕೈ ಕಂಡರೇ ಹೇಸಿಗೆಯಾದದ್ದು ಆವತ್ತು.

ಆಮೇಲೆ ಅವನು ಫೋನಿನಲ್ಲಿ ಒಂದು ಗುಂಪು ಕಟ್ಟಿದ. ಹೆಸರು ‘ಕೈ ಕೆಳಗೆ’. ತನ್ನಂಥ ಹೊಡೆಯುವವರಿಗಾಗಿಯೇ. ಸಂಜೆಯಾದರೆ ಪ್ರತಿಯೊಬ್ಬರೂ ‘ಇವತ್ತು ಕೈ ಕೆಳಗೆ’ ಎಂದು ಬರೆಯಬೇಕು, ಉಳಿದವರು ‘ಭೇಷ್’ ಎನ್ನಬೇಕು. ಬೈಯುವಂತಿಲ್ಲ, ಇನ್ನೊಬ್ಬರ ಮಾತನ್ನು ಅನುಮಾನಿಸುವಂತಿಲ್ಲ. ‘ಬೈಗುಳ ತಿಂದೇ ಬೆಳೆದವರು ನಾವು, ಇಲ್ಲಾದ್ರೂ ಒಳ್ಳೆ ಮಾತು ಸಿಗಲಿ’ ಎನ್ನುತ್ತಿದ್ದ. ಲಾರಿ ಡ್ರೈವರುಗಳು, ಗಾರೆಯವರು, ಯಾರೂ ಮುಖ ನೋಡಿರದ ಒಬ್ಬ ಮೇಷ್ಟ್ರು, ಎಲ್ಲರೂ ಸೇರಿದರು. ಸುಳ್ಳೇಕೆ ಹೇಳಲಿ, ಎಷ್ಟೋ ಮನೆಗಳಲ್ಲಿ ಏಟು ನಿಂತದ್ದೂ ನಿಜ.

ಗುಂಪಿನ ಮುದ್ದಿನ ಮಗ ಒಬ್ಬ ಪೇಂಟರ್. ಅವನು ಬರೆದರೆ ಕಲ್ಲೂ ಕರಗಬೇಕು. ‘ನನ್ನವಳ ಕಣ್ಣೀರು ನನ್ನ ಪಾಪ’ ಎಂದೆಲ್ಲ ಬರೆಯುವನು. ಅವನಿಗೆ ಬಿದ್ದಷ್ಟು ಭೇಷ್ ಯಾರಿಗೂ ಬೀಳಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿದ ಜನ!

ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಪಕ್ಕೆ ಹಿಡಿದುಕೊಂಡೇ ನಿಂತಳು.

“ಭೇಷ್ ಅಂತ ಬರೆಯೋ ಅಣ್ಣ ನೀವೇನಾ? ನಾನು ಪೇಂಟರ್ ಹೆಂಡ್ತಿ.”

ಗುದ್ದಣ್ಣ ಕೈಲಿದ್ದ ಟಯರ್ ಬಿಟ್ಟು ಎದ್ದು ನಿಂತ.

“ಹೊಡೆದು ಸಾಕಾದ್ಮೇಲೆ ಕೈ ತೊಳ್ಕೊಂಡು ಬಂದು ನಿಮಗೆ ಬರೀತಾರೆ. ನಿಮ್ಮ ಭೇಷ್‌ಗಳನ್ನ ಒಂದೊಂದಾಗಿ ನನಗೆ ಓದಿ ಹೇಳ್ತಾರೆ. ‘ಇಷ್ಟು ಜನ ನನ್ನನ್ನ ದೇವರಂಥವನು ಅಂತಾರೆ, ನೀನು ಯಾರ ಹತ್ರ ಹೋಗಿ ಅಳ್ತೀಯೇ?’ ಅಂತಾರೆ.”

ಗುದ್ದಣ್ಣ ಬಾಯಿ ತೆರೆಯುವಷ್ಟರಲ್ಲಿ ಪೇಂಟರ್ ಕಬ್ಬಿಣದ ಪೈಪು ಹಿಡಿದು ಬಾಗಿಲಿಗೆ ಬಂದ. ನಗುತ್ತಿದ್ದ.

“ಏನಣ್ಣ, ಅನುಮಾನ ಪಡಬಾರದು ಅಂತ ನೀನೇ ತಾನೇ ಹೇಳಿದ್ದು?”

ಅವನು ತನ್ನ ಹೆಂಡತಿಯ ಮೇಲೆ ಬೀಸಿದ ಪೈಪಿಗೆ ಗುದ್ದಣ್ಣ ಅಡ್ಡ ಬಂದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಟಯರ್ ಬಿಚ್ಚುವ ಲಿವರ್ ಕೈಗೆ ಸಿಕ್ಕಿತು. ಒಳಗಿನ ಹಳೇ ಗುದ್ದಣ್ಣ ಎದ್ದು ಕೂತ. ಒಂದೇ ಏಟಿಗೆ ಬುರುಡೆ ಎರಡು ಹೋಳು ಮಾಡುವವನಂತೆ ಲಿವರ್ ಎತ್ತಿದ. ಆಗ ಅವಳು ಕಣ್ಣಿಗೆ ಬಿದ್ದಳು. ಇವನ ಎತ್ತಿದ ಕೈ ಕಂಡು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮುದುಡಿ ಕೂತಿದ್ದಳು.

ಲಿವರ್ ಬಿಸಾಡಿದ. ಇನ್ನೊಂದು ಏಟು ಹೆಗಲ ಮೂಳೆಗೆ ಬಿತ್ತು. ತಿಂದುಕೊಂಡೇ ಮುನ್ನುಗ್ಗಿ ಪೇಂಟರನ್ನು ನೆಲಕ್ಕೆ ಕೆಡವಿ, ಮೈಮೇಲೆ ಕೂತು ಅಮುಕಿ ಹಿಡಿದ. ಪೇಂಟರ್ ಅವನ ತೋಳು ಕಚ್ಚಿದ. ಅಕ್ಕಪಕ್ಕದ ಅಂಗಡಿಯವರು ಓಡಿಬಂದು ಬಿಡಿಸಿ ಪೇಂಟರನ್ನು ಪೊಲೀಸರಿಗೆ ಒಪ್ಪಿಸಿದರು. ಹೆಂಗಸನ್ನು ಆಸ್ಪತ್ರೆಗೆ ಸೇರಿಸಿದರು. ಅವಳ ಪಕ್ಕೆಲುಬು ಮುರಿದಿತ್ತು.

ಹೊಲಿಗೆ ಹಾಕಿಸಿಕೊಂಡು ಬಂದ ಗುದ್ದಣ್ಣ ಆ ಸಂಜೆಯೇ ಗುಂಪಿನಲ್ಲಿ ನಡೆದದ್ದೆಲ್ಲ ಹೇಳಿದ. “ನಮ್ಮ ಭೇಷ್‌ಗಳೂ ಅವಳನ್ನ ಹೊಡೆದಿವೆ. ಇನ್ಮೇಲೆ ಕೈ ಕೆಳಗಿತ್ತೋ ಇಲ್ವೋ ಅಂತ ನಾವು ಹೇಳೋದು ಬೇಡ. ಮನೆಯವರೇ ಹೇಳಲಿ.” ‘ಹೆಂಗಸರ ಮಾತು ಕೇಳ್ಬೇಕಾ ಈಗ?’ ಎಂದರು ಕೆಲವರು. ಮೇಷ್ಟ್ರು ಗುಂಪು ಬಿಟ್ಟು ಹೋದರು. ನೋಡನೋಡುತ್ತ ಗುಂಪು ಅರ್ಧಕ್ಕರ್ಧ ಖಾಲಿಯಾಯಿತು. ಹೋದವರ ಮನೆಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗುದ್ದಣ್ಣ ಫೋನು ಹೆಂಡತಿಯ ಮುಂದಿಟ್ಟ. “ಮೊದಲು ನೀನು ಹೇಳು. ನಾನು ಹೊರಗೆ ಇರ್ತೀನಿ.”

“ಹೊರಗೆ ಯಾಕೆ? ಇಲ್ಲೇ ಕೂತು ಕೇಳಿ” ಎಂದು ಅವಳು ಫೋನು ಬಾಯಿಯ ಹತ್ತಿರ ಹಿಡಿದಳು. “ಇವರು ಆವತ್ತಿಂದ ಕೈ ಎತ್ತಿಲ್ಲ. ಅದು ನಿಜ. ಆದ್ರೆ ಚೆನ್ನಾಗಿದ್ದೀಯಾ ಅಂತ ಇವರು ಕೇಳಿದಾಗೆಲ್ಲ, ಹೆದರಿಕೆಗೆ ಹೂಂ ಅಂದಿದ್ದೀನಿ.”