ಬಸಳೆ ಚಪ್ಪರದವರು

ದೆಹಲಿಯ ಹೌಜ್ ಖಾಸ್‌ನ ನಮ್ಮ ಕಾಲೊನಿಯ ಸಮುದಾಯ ತೋಟದಲ್ಲಿ ನನ್ನ ಪಕ್ಕದ ಪಾತಿ ಹಿರಿಯ ಮಹಿಳೆಯೊಬ್ಬರದಾಗಿತ್ತು. ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ತಮ್ಮ ಹೋಟೆಲಿಗೂ ಹೋಗದೆ ಮಾತು ಬಿಟ್ಟಿದ್ದರಂತೆ. ಡಾಕ್ಟರು ಹೇಳಿದರೆಂದು ತೋಟಕ್ಕೆ ಬಂದು ಬಸಳೆ ನೆಟ್ಟರು. ಹಳೆಯ ಸೀರೆಯ ಅಂಚು ಹರಿದು ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದರು. ಏನು ಕೇಳಿದರೂ ಒಂದೇ ಉತ್ತರ, "ನೋಡುವ." ಬಸಳೆ ಹಂಚುವಾಗ ಮಾತ್ರ ಇನ್ನೊಂದು ಮಾತು ಸೇರುತ್ತಿತ್ತು, "ಒಂದು ದಂಟು ನೆಡಿ."

ತೋಟ ನೋಡಲು ಅತಿಥಿಗಳು ಬರುವ ದಿನ ಕಾಲೊನಿ ಸಂಘದ ಕಾರ್ಯದರ್ಶಿ ಆ ಚಪ್ಪರವನ್ನೇ ಕಿತ್ತು ಹಾಕಿಸಿ ಹೂಕುಂಡ ಇಡಿಸಿದ. "ಆಂಟೀಜಿ, ಬಿಲ್ಕುಲ್ ಜಂಗಲ್ ಲಗ್ ರಹಾ ಥಾ," ಎಂದ. ಕಾಡಿನ ಹಾಗೆ ಕಾಣುತ್ತಿತ್ತಂತೆ! ನನಗೆ ಮೈಯೆಲ್ಲ ಉರಿಯಿತು. ಅವರು ಕಸದ ರಾಶಿಯಿಂದ ಬಳ್ಳಿಗಳನ್ನು ಬಾಚಿ ಎದೆಗವಚಿಕೊಂಡು, ಫೋಟೊಗೆ ನಿಂತವರ ಸಾಲಿನ ತುದಿಗೆ ಹೋಗಿ ನಿಂತರು. ಕೆಳಗಿಡಿ ಎಂದು ಕಾರ್ಯದರ್ಶಿ ಗದರಿದ. ಅವನ ಮುಖವನ್ನೇ ದಿಟ್ಟಿಸಿ, "ನೋಡುವ," ಎಂದರು. ಇಡಲಿಲ್ಲ.

ಆ ಫೋಟೊ ಈಗ ಸಂಘದ ಆಫೀಸಿನ ಗೋಡೆಯ ಮೇಲಿದೆ. ಎಲ್ಲರಿಗೂ ಜಾಗವಿರುವ ತೋಟ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ತುದಿಯಲ್ಲಿದ್ದ ಅವರನ್ನು ಕತ್ತರಿಸಿ ತೆಗೆದಿದ್ದಾರೆ. ಬಸಳೆಯ ಒಂದು ಕುಡಿ ಮಾತ್ರ ಅಂಚು ದಾಟಿ ಒಳಗೆ ಚಾಚಿಕೊಂಡಿದೆ.